ಚಿಕ್ಕ ಟ್ರ್ಯಾಕ್ಟರು, ಒಂದೇ ಸೀಟು



ಹಿಂದೆ ನಮ್ಮ ಧರ್ಮಕೇಂದ್ರದ ಯಾವ ವಾಳೆಗೆ ಹೋದರೂ ಹಟ್ಟಿಯಲ್ಲಿ ಒಂದು ಜೊತೆ ಕೋಣವೋ ಎತ್ತೋ ಇಲ್ಲದ ಮನೆ ಅಪರೂಪವಾಗಿತ್ತು. ಮುಂದೆ ಬೈಲಿಗೆ ಟಿಲ್ಲರು ಬಂತು, ಹಟ್ಟಿ ಬರಿದಾಯಿತು. ಈಗ ಕೆಲವು ವರ್ಷಗಳಿಂದ ಕಾಸರಗೋಡು, ಮಂಜೇಶ್ವರ ಕಡೆಯ ತೋಟದ ಮನೆಗಳಲ್ಲಿ ಚಿಕ್ಕ ಟ್ರ್ಯಾಕ್ಟರು ಕಾಣಿಸಿಕೊಳ್ಳುತ್ತಿದೆ. ಕಾರಣ ಎಲ್ಲರಿಗೂ ಗೊತ್ತಿದ್ದದ್ದೇ. ಮಕ್ಕಳು ಗಲ್ಫಿನಲ್ಲೋ ಬೆಂಗಳೂರಿನಲ್ಲೋ ಇದ್ದಾರೆ. ಕೆಲಸಕ್ಕೆ ಜನ ಸಿಗುವುದಿಲ್ಲ. ಸಿಕ್ಕಿದರೂ ತಲೆಯಲ್ಲಿ ಗೊಬ್ಬರ ಹೊರುವವರು ಇಲ್ಲ. ತೋಟ ಮಾತ್ರ ಇದ್ದಲ್ಲೇ ಇದೆ, ಅದನ್ನು ನೋಡಿಕೊಳ್ಳಬೇಕಾದವರು ಅರವತ್ತು ದಾಟಿದ ನಾವು.

ನಮ್ಮ ಮನೆಗೆ ಇಂಥದೊಂದು ಟ್ರ್ಯಾಕ್ಟರು ಬಂದದ್ದು 2016ರಲ್ಲಿ. ಅದರ ಉಪಕಾರವನ್ನೂ ಕಂಡಿದ್ದೇನೆ, ಅದು ಹೆದರಿಸಿದ್ದನ್ನೂ ಕಂಡಿದ್ದೇನೆ. ಎರಡನ್ನೂ ನಿಮ್ಮೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಲೆಕ್ಕ ಹಾಕಿ ನೋಡಿದರೆ

ಚಿಕ್ಕ ಟ್ರ್ಯಾಕ್ಟರೆಂದರೆ ಸಾಮಾನ್ಯವಾಗಿ 15ರಿಂದ 25 ಅಶ್ವಶಕ್ತಿಯದು. ಅಗಲ ಮೂರರಿಂದ ನಾಲ್ಕು ಅಡಿ. ದೊಡ್ಡ ಟ್ರ್ಯಾಕ್ಟರು ತಿರುಗಲಾರದ ಕಂಗಿನ ಸಾಲುಗಳ ನಡುವೆ ಇದು ಹೋಗಿ ಬರುತ್ತದೆ. ನಾಲ್ಕೂ ಚಕ್ರಕ್ಕೆ ಬಲ ಕೊಡುವ ಮಾದರಿಯಾದರೆ ನಮ್ಮ ಜಾರುವ ಮಣ್ಣಿಗೆ ಇನ್ನೂ ಒಳ್ಳೆಯದು.

ಇದರಿಂದ ಏನು ಪ್ರಯೋಜನ ಎಂದು ಕೇಳುವವರಿಗೆ ನಾನು ಒಂದು ಲೆಕ್ಕ ಹೇಳುವುದುಂಟು. ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 540 ಕಂಗುಗಳಾಗುತ್ತವೆ. ಕಂಗೊಂದಕ್ಕೆ ವರ್ಷಕ್ಕೆ 12 ಕೆ.ಜಿ. ಸೊಪ್ಪು, 12 ಕೆ.ಜಿ. ಹಟ್ಟಿಗೊಬ್ಬರ ಅಥವಾ ಕಾಂಪೋಸ್ಟು ಹಾಕಬೇಕೆಂಬುದು ಶಿಫಾರಸು. ಅಂದರೆ ಎಕರೆಗೆ ಹತ್ತಿರ ಹತ್ತಿರ 13 ಟನ್ನು. ಹೆಡಿಗೆಗೆ 25 ಕೆ.ಜಿ.ಯಂತೆ ಹೊತ್ತರೆ ಐನೂರಕ್ಕೂ ಮಿಕ್ಕಿದ ತಲೆಹೊರೆ! ನಮ್ಮ ತಾಯಂದಿರು, ಅಕ್ಕಂದಿರು ಗುಡ್ಡದಿಂದ ತೋಟಕ್ಕೆ ಇಳಿದು ಹತ್ತಿ ಹೊತ್ತದ್ದು ಇಷ್ಟು. ಇಳಿವಯಸ್ಸಿನಲ್ಲಿ ಅವರ ಕುತ್ತಿಗೆ, ಮೊಣಕಾಲು ಏಕೆ ನೋಯುತ್ತಿತ್ತೆಂದು ಈಗ ಅರ್ಥವಾಗುತ್ತದೆ. ಒಂದು ಟನ್ನು ಹಿಡಿಯುವ ಟ್ರೇಲರಿದ್ದರೆ ಅದೇ ಕೆಲಸ ಹದಿಮೂರು ಸಲ ಹೋಗಿ ಬಂದರೆ ಮುಗಿಯಿತು. ಟ್ರೇಲರಿನಿಂದ ಬುಡಕ್ಕೆ ಹಾಕುವ ಕೈಕೆಲಸ ಮಾತ್ರ ಉಳಿಯುತ್ತದೆ.

ವರ್ಷದ ಕೆಲಸಗಳು

ಮೇ ತಿಂಗಳಲ್ಲಿ ಮಳೆಗೆ ಮುಂಚೆ ಮಣ್ಣು, ತರಗೆಲೆ, ಒಣಗಿದ ಸೌದೆ, ತೆಂಗಿನ ಸಿಪ್ಪೆ ಎಲ್ಲವನ್ನೂ ಅದರದರ ಜಾಗಕ್ಕೆ ಮುಟ್ಟಿಸುವ ಕೆಲಸ. ಗದ್ದೆ ಉಳಿಸಿಕೊಂಡವರಿಗೆ ಮೊದಲ ಮಳೆ ಬಿದ್ದೊಡನೆ ಏಣೆಲು ಬೆಳೆಗೆ ಉಳುಮೆ. ಕೆಸರಿಗೆ ಇಳಿಸುವಾಗ ಕಬ್ಬಿಣದ ಜಾಲರಿ ಚಕ್ರ ಜೋಡಿಸಬೇಕು. ಮಳೆಗಾಲದ ನಡುವೆ ಟ್ರ್ಯಾಕ್ಟರಿಗೆ ಹೆಚ್ಚು ಕೆಲಸವಿಲ್ಲ. ಕೊಳೆರೋಗಕ್ಕೆ ಬೋರ್ಡೊ ಸಿಂಪಡಿಸುವಾಗ ಪಂಪು ನಡೆಸಲು, ಡ್ರಮ್ಮು ಸಾಗಿಸಲು ಉಪಯೋಗಕ್ಕೆ ಬರುತ್ತದೆ. ಸೆಪ್ಟೆಂಬರ್ 8ರ ತೆನೆಹಬ್ಬದ ಮುಂಚಿನ ವಾರ ಚರ್ಚಿನ ಮೈದಾನ ಶುಚಿ ಮಾಡಿದ ಹುಲ್ಲು, ಕುರ್ಚಿ ಮೇಜು ಸಾಗಿಸುವ ಸೇವೆಯೂ ಅದರ ಪಾಲಿಗಿದೆ. ಅಕ್ಟೋಬರಿನಲ್ಲಿ ಗೊಬ್ಬರ, ಅಲ್ಲಿಂದ ಮುಂದೆ ಅಡಿಕೆ ಕೊಯ್ಲು. ಗೊನೆಗಳನ್ನು ತೋಟದಿಂದ ಅಂಗಳಕ್ಕೆ ತರುವುದು, ಒಣಗಿದ ಚಾಲಿಯ ಗೋಣಿಗಳನ್ನು ರಸ್ತೆಗೆ ಮುಟ್ಟಿಸುವುದು. ಬೇಸಗೆಯಲ್ಲಿ ಹಾಳೆ, ಸೋಗೆ, ಮಡಲು ಒಟ್ಟುಮಾಡುವುದು ಮತ್ತು ನೀರಿನ ಡ್ರಮ್ಮು ಹೊತ್ತು ಹೋಗುವುದು. ಹೀಗೆ ವರ್ಷವಿಡೀ ಅದರ ಮುಖ್ಯ ಕೆಲಸ ಉಳುವುದಲ್ಲ, ಹೊರುವುದು.

ಉಳುಮೆಯ ಬಗ್ಗೆ ಒಂದು ಎಚ್ಚರಿಕೆ. ಯಂತ್ರ ಇದೆಯೆಂದು ಫಲ ಕೊಡುವ ಕಂಗಿನ ತೋಟವನ್ನು ವರ್ಷ ವರ್ಷ ರೋಟವೇಟರಿನಿಂದ ಕೆದಕಬೇಡಿ. ಕಂಗಿನ ಬೇರುಗಳ ಬಹುಪಾಲು ಬುಡದಿಂದ ಎರಡು ಮೂರು ಅಡಿಯೊಳಗೆ, ಮಣ್ಣಿನ ಮೇಲ್ಪದರದಲ್ಲೇ ಇರುತ್ತವೆ. ಅವು ತುಂಡಾದರೆ ಇಳುವರಿ ಕುಂಠಿತವಾಗುತ್ತದೆ, ಗಾಯದ ಮೂಲಕ ರೋಗವೂ ಹೊಕ್ಕೀತು. ಹೊಸ ತೋಟದಲ್ಲಿ ಉಳಲೇಬೇಕಾದರೆ ಎರಡೂ ಬದಿಯ ಬುಡಗಳಿಂದ ಎರಡೂವರೆ ಅಡಿ ಬಿಟ್ಟು, ನಡುವಿನ ನಾಲ್ಕು ಅಡಿಯಲ್ಲಿ ಮಾತ್ರ ಓಡಿಸಿ. ಮಣ್ಣು ಹಸಿಯಿರುವಾಗ ಟ್ರ್ಯಾಕ್ಟರು ಇಳಿಸಿದರೆ ಚಕ್ರದ ಅಡಿಯ ಮಣ್ಣು ಒತ್ತಿ ಗಟ್ಟಿಯಾಗಿ ನೀರು ಇಂಗುವುದಿಲ್ಲ. ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಉಂಡೆ ಮಾಡಿ ಹೆಬ್ಬೆರಳಿನಿಂದ ಒತ್ತಿ ನೋಡಿ. ಪುಡಿಯಾದರೆ ಹೋಗಬಹುದು. ಅಂಟಿಕೊಂಡರೆ ಇನ್ನೂ ಎರಡು ದಿನ ಕಾಯಿರಿ.

ಆ ಒಂದು ಸಂಜೆ

ಈಗ ಹೇಳಬೇಕಾದ ಮಾತಿಗೆ ಬರುತ್ತೇನೆ. 2019ರ ನವೆಂಬರ್ ತಿಂಗಳ ಒಂದು ಸಂಜೆ. ರಜೆಗೆ ಬಂದಿದ್ದ ಆರು ವರ್ಷದ ಮೊಮ್ಮಗ ಟ್ರ್ಯಾಕ್ಟರಿನಲ್ಲಿ ಕೂರುತ್ತೇನೆಂದು ಹಟ ಹಿಡಿದ. ಅಡಿಕೆ ಗೊನೆ ತರಲು ತೋಟದ ತುದಿಯವರೆಗೆ ಹೋಗಬೇಕಿತ್ತು. ಹಿಂದಿನ ಚಕ್ರದ ಮೇಲಿನ ಮಡ್‌ಗಾರ್ಡಿನಲ್ಲಿ ಅವನನ್ನು ಕೂರಿಸಿಕೊಂಡೆ. ಎಷ್ಟೋ ಮಂದಿ ಹಾಗೆ ಕೂತು ಹೋಗುವುದನ್ನು ನೋಡಿದ್ದೆ, ತಪ್ಪೆಂದು ಅನಿಸಲಿಲ್ಲ. ವೇಗವೂ ಇರಲಿಲ್ಲ, ಮನುಷ್ಯ ನಡೆಯುವಷ್ಟೇ.

ಹಿಂದಿನ ದಿನ ಸುರಿದ ಮಳೆಗೆ ಕಣಿಯ ಅಂಚು ಒಳಗಿಂದೊಳಗೆ ಮೆತ್ತಗಾಗಿತ್ತು. ಮೇಲೆ ಹುಲ್ಲಿದ್ದುದರಿಂದ ನನಗೆ ಕಾಣಲಿಲ್ಲ. ಎಡಗಡೆಯ ಹಿಂದಿನ ಚಕ್ರ ಒಮ್ಮೆಲೇ ಒಂದು ಗೇಣು ಕುಸಿಯಿತು. ನಾನು ಸ್ಟಿಯರಿಂಗ್ ಹಿಡಿದು ಉಳಿದೆ. ಹುಡುಗನಿಗೆ ಹಿಡಿಯಲು ಏನಿತ್ತು? ಅವನು ಚಕ್ರದ ಮುಂದಕ್ಕಲ್ಲ, ಹಿಂದಕ್ಕೆ, ಕಣಿಯ ಕೆಸರಿಗೆ ಬಿದ್ದ. ಕ್ಲಚ್ಚು, ಬ್ರೇಕು ಎರಡನ್ನೂ ತುಳಿದೆ. ಟ್ರ್ಯಾಕ್ಟರು ವಾಲಿಕೊಂಡು ನಿಂತಿತು, ಮಗುಚಲಿಲ್ಲ. ಮಗುವಿನ ಮೈಗೆ ತರಚಿದ ಗಾಯ ಬಿಟ್ಟರೆ ಬೇರೇನೂ ಆಗಲಿಲ್ಲ. ಆದರೆ ಅವನು ಮುಂದಕ್ಕೆ ಬಿದ್ದಿದ್ದರೆ? ಆ ಪ್ರಶ್ನೆ ಇಂದಿಗೂ ಕೆಲವು ರಾತ್ರಿ ನನ್ನ ನಿದ್ದೆ ಕೆಡಿಸುತ್ತದೆ.

ಮನೆಗೆ ಬಂದಾಗ ಮನೆಯಾಕೆ ಕೂಗಾಡಲಿಲ್ಲ. ಮಗುವಿನ ಕೆಸರು ತೊಳೆದು, ಗಾಯಕ್ಕೆ ಮದ್ದು ಹಚ್ಚಿ, ಆಮೇಲೆ ಒಂದೇ ಮಾತು ಕೇಳಿದಳು: "ಮೊದಲು ಕೋಣ ಹೂಡುವಾಗ ನೀವು ಮಗುವನ್ನು ನೊಗದ ಮೇಲೆ ಕೂರಿಸಿದ್ದುಂಟಾ?"

ನನ್ನಲ್ಲಿ ಉತ್ತರವಿರಲಿಲ್ಲ. ಕೋಣಕ್ಕೆ ಹೆದರುತ್ತಿದ್ದ ನಾವು ಟ್ರ್ಯಾಕ್ಟರಿಗೆ ಹೆದರುವುದಿಲ್ಲ. ಕೋಣವಾದರೆ ಮಗು ಕಾಲ ಬುಡಕ್ಕೆ ಬಂದಾಗ ತಾನೇ ನಿಂತೀತು. ಈ ಯಂತ್ರಕ್ಕೆ ಕಣ್ಣಿಲ್ಲ. ನೋಡಲು ಆಟದ ಸಾಮಾನಿನ ಹಾಗಿದ್ದರೂ ಅದರ ತೂಕ ಏಳೆಂಟು ಕ್ವಿಂಟಾಲು. ಚಿಕ್ಕದೆಂದು ಸಸಾರ ಮಾಡಿದ್ದೇ ನನ್ನ ತಪ್ಪು. ಅಂದಿನಿಂದ ನಮ್ಮ ಮನೆಯ ಕಾನೂನು ಒಂದೇ: ಟ್ರ್ಯಾಕ್ಟರಿಗೆ ಸೀಟು ಒಂದು, ಕೂರುವವರೂ ಒಬ್ಬರೇ. ಮೊಮ್ಮಗ ಅತ್ತರೂ ಸರಿ, ನೆಂಟರು ಬೇಸರ ಮಾಡಿಕೊಂಡರೂ ಸರಿ.

ಅಪಾಯ ಎಲ್ಲಿಂದ ಬರುತ್ತದೆ?

ಮೊದಲನೆಯದು ಮಗುಚುವುದು. ನಮ್ಮದು ಏರು ತಗ್ಗಿನ ನಾಡು. ಗುಡ್ಡದ ಬದಿ, ಕಟ್ಟಪುಣಿ, ಕಣಿ, ತೋಡಿನ ದಂಡೆ ಎಲ್ಲೆಲ್ಲೂ ಇವೆ. ಅಂಚಿನಿಂದ ಎಷ್ಟು ದೂರ ಇರಬೇಕೆಂಬುದಕ್ಕೆ ಸುಲಭದ ಸೂತ್ರವಿದೆ. ಕಣಿ ನಾಲ್ಕು ಅಡಿ ಆಳವಿದ್ದರೆ ಚಕ್ರ ಅದರಿಂದ ಕನಿಷ್ಠ ನಾಲ್ಕು ಅಡಿ ದೂರವಿರಲಿ. ಹೆಚ್ಚಿನ ತೋಟಗಳಲ್ಲಿ ಎರಡು ಸಾಲಿಗೊಂದು ಕಣಿ ಇರುವುದರಿಂದ ಎಲ್ಲಾ ಸಾಲಿಗೂ ಟ್ರ್ಯಾಕ್ಟರು ನುಗ್ಗಿಸಲು ಆಗದು. ತೋಟದ ನಡುವೆ ಒಂದು ಗಟ್ಟಿಯಾದ ದಾರಿ ಮಾಡಿಕೊಂಡು, ಅಲ್ಲಿಂದಾಚೆ ಕೈಗಾಡಿಯಲ್ಲಿ ಸಾಗಿಸುವುದೇ ಕ್ಷೇಮ.

ಮರದ ದಿಮ್ಮಿ ಎಳೆಯುವಾಗ ಇನ್ನೊಂದು ರೀತಿಯ ಅಪಾಯ ಕಾದಿರುತ್ತದೆ. ಗಾಳಿಗೆ ಬಿದ್ದ ತೆಂಗನ್ನೋ ಹಲಸನ್ನೋ ಎಳೆಯಲು ಹಗ್ಗವನ್ನು ಸೀಟಿನ ಹಿಂದೆ ಎತ್ತರದಲ್ಲಿ ಕಟ್ಟಿದರೆ, ದಿಮ್ಮಿ ಕದಲದೆ ಟ್ರ್ಯಾಕ್ಟರಿನ ಮುಂಭಾಗವೇ ಎದ್ದು ಹಿಂದಕ್ಕೆ ಮಗುಚುತ್ತದೆ. ಒಂದು ಸೆಕೆಂಡು ಕಳೆಯುವುದರೊಳಗೆ ಕೈಮೀರಿ ಹೋಗುತ್ತದೆ, ಹಾರಿಕೊಳ್ಳಲು ಸಮಯ ಸಿಗುವುದಿಲ್ಲ. ಆದ್ದರಿಂದ ಯಾವಾಗಲೂ ಕೆಳಗಿನ ಎಳೆಪಟ್ಟಿಗೇ ಕಟ್ಟಬೇಕು, ನಿಧಾನವಾಗಿ ಎಳೆಯಬೇಕು.

ಸೀಟಿನ ಹಿಂದೆ ನಿಲ್ಲಿಸುವ ಕಬ್ಬಿಣದ ಕಮಾನು ಇರುವ ಮಾದರಿ ಸಿಗುವುದಾದರೆ ಅದನ್ನೇ ಕೊಳ್ಳಿ. ಸ್ವೀಡನ್ ದೇಶದಲ್ಲಿ 1959ರಿಂದಲೇ ಹೊಸ ಟ್ರ್ಯಾಕ್ಟರುಗಳಿಗೆ ಇದನ್ನು ಕಡ್ಡಾಯ ಮಾಡಿದರು, ಮಗುಚಿ ಸಾಯುವವರ ಸಂಖ್ಯೆ ಅಲ್ಲಿ ಬಹಳ ಇಳಿಯಿತು. ಕಮಾನು ಇದ್ದರೆ ಸೀಟ್ ಬೆಲ್ಟು ಹಾಕಬೇಕು. ಕಮಾನು ಇಲ್ಲದಿದ್ದರೆ ಅಥವಾ ಗರಿಗಳಿಗೆ ತಾಗುತ್ತದೆಂದು ಮಡಚಿದ್ದರೆ ಬೆಲ್ಟು ಹಾಕಬಾರದು. ಇದನ್ನು ಸರಿಯಾಗಿ ನೆನಪಿಡಿ.

ಎರಡನೆಯದು ಹಿಂದೆ ತಿರುಗುವ ಪಿ.ಟಿ.ಓ. ಶಾಫ್ಟು. ಪಂಪು, ರೋಟವೇಟರು ಎಲ್ಲ ನಡೆಯುವುದು ಅದರಿಂದ. ಅದು ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ ಒಂಬತ್ತು ಸುತ್ತು ತಿರುಗುತ್ತದೆ. ಮೂರು ಇಂಚು ದಪ್ಪದ ಶಾಫ್ಟಿಗೆ ಬಟ್ಟೆ ಸಿಕ್ಕಿದರೆ ಒಂದೇ ಸೆಕೆಂಡಿನಲ್ಲಿ ಏಳು ಅಡಿಯಷ್ಟು ಸುತ್ತಿಕೊಳ್ಳುತ್ತದೆ. ನಮ್ಮ ಮುಂಡು ಇರುವುದೇ ಹೆಚ್ಚುಕಡಿಮೆ ಅಷ್ಟು ಉದ್ದ! ಆಮೇಲೆ ಸಿಗುವುದು ಕಾಲು. ಮುಂಡು, ಲುಂಗಿ, ಹೆಗಲ ಮೇಲಿನ ಬೈರಾಸು, ಹೆಂಗಸರ ಸೆರಗು, ಶಾಲು, ಬಿಚ್ಚಿದ ಕೂದಲು, ಇವು ಯಾವುವೂ ಅದರ ಹತ್ತಿರ ಬರಬಾರದು. ಚಡ್ಡಿ ಅಥವಾ ಪ್ಯಾಂಟು ಹಾಕಿಯೇ ಟ್ರ್ಯಾಕ್ಟರು ಹತ್ತಿ. ಶಾಫ್ಟಿನ ಪ್ಲಾಸ್ಟಿಕ್ ಕವಚ ಒಡೆದಿದ್ದರೆ ಹೊಸದು ಹಾಕುವವರೆಗೆ ಕೆಲಸ ನಿಲ್ಲಿಸಿ. ರೋಟವೇಟರಿನ ಅಲಗಿಗೆ ಬಳ್ಳಿ ಸಿಕ್ಕಿಕೊಂಡರೆ ಎಂಜಿನ್ ನಿಲ್ಲಿಸಿ, ಕೀ ಜೇಬಿಗೆ ಹಾಕಿಕೊಂಡು, ಆಮೇಲೆ ಇಳಿಯಿರಿ. ಎತ್ತಿ ನಿಲ್ಲಿಸಿದ ರೋಟವೇಟರಿನ ಅಡಿಗೆ ಎಂದೂ ಕೈ ಹಾಕಬೇಡಿ, ಗಟ್ಟಿ ದಿಮ್ಮಿಯ ಆಧಾರ ಕೊಟ್ಟ ಮೇಲೆಯೇ ಕೆಲಸ.

ಮೂರನೆಯದು ಇಳಿಜಾರು ಮತ್ತು ರಸ್ತೆ. ಹೊರೆಯಿರುವ ಟ್ರೇಲರಿನೊಡನೆ ಇಳಿಯುವಾಗ ಮೇಲೆಯೇ ಸಣ್ಣ ಗೇರಿಗೆ ಹಾಕಿಕೊಳ್ಳಿ. ನಡುವೆ ಕ್ಲಚ್ಚು ತುಳಿಯಬಾರದು, ಡೀಸೆಲು ಉಳಿಯುತ್ತದೆಂದು ನ್ಯೂಟ್ರಲ್ ಮಾಡಲೇಬಾರದು. ಹಿಂದಿನ ಎರಡು ಚಕ್ರಗಳಿಗೆ ಬೇರೆ ಬೇರೆ ಬ್ರೇಕು ಪೆಡಲು ಇರುತ್ತದೆ. ಗದ್ದೆಯಲ್ಲಿ ತಿರುಗಿಸಲು ಅದು ಅನುಕೂಲ. ರಸ್ತೆಗೆ ಬರುವಾಗ ಎರಡನ್ನೂ ಸೇರಿಸುವ ಚಿಲಕ ಹಾಕಲು ಮರೆತರೆ ಒಂದೇ ಚಕ್ರ ನಿಂತು ಟ್ರ್ಯಾಕ್ಟರು ಪಲ್ಟಿ ಹೊಡೆಯುತ್ತದೆ. ಟ್ರೇಲರಿನ ಹಿಂದೆ ಕೆಂಪು ಪ್ರತಿಫಲಕ ಅಂಟಿಸಿ. ರೋಸಿನ ಮನೆಯಿಂದಲೋ ಮದುವೆಯಿಂದಲೋ ಕುಡಿದು ಬಂದ ದಿನ ಅದರ ಕೀ ಮುಟ್ಟಬೇಡಿ. ಹಬ್ಬಕ್ಕೆ ಮಕ್ಕಳನ್ನು ಟ್ರೇಲರಿನಲ್ಲಿ ತುಂಬಿಸಿಕೊಂಡು ಬರುವುದು ನೋಡಲು ಚಂದ, ಆದರೆ ಟ್ರೇಲರು ಇರುವುದು ಗೊಬ್ಬರಕ್ಕೆ, ಮಕ್ಕಳಿಗಲ್ಲ.

ಮೈಯ ಕಡೆ ಗಮನ

ಬೆನ್ನು: ತಲೆಹೊರೆ ತಪ್ಪಿತೆಂದು ಬೆನ್ನು ನೋವು ತಪ್ಪಲಿಲ್ಲ. ಟ್ರ್ಯಾಕ್ಟರಿನ ನಡುಕ, ಮೇಲಾಗಿ ಹಿಂದಿನ ಕೆಲಸ ನೋಡಲು ಸೊಂಟ ತಿರುಚಿ ಕೂರುವ ಅಭ್ಯಾಸ ಇದಕ್ಕೆ ಕಾರಣ. ಸೀಟನ್ನು ನಿಮ್ಮ ಕಾಲಿನ ಉದ್ದಕ್ಕೆ ಸರಿಮಾಡಿಕೊಳ್ಳಿ. ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆಯಿರಿ, ನೀರು ಕುಡಿಯಿರಿ. ಇಳಿಯುವಾಗ ಹಾರಬೇಡಿ, ಮೆಟ್ಟಲಿಗೆ ಕಾಲಿಟ್ಟು ಇಳಿಯಿರಿ.

ಕಿವಿ: ಮೂರು ಅಡಿ ದೂರದಲ್ಲಿ ನಿಂತವರೊಡನೆ ಕೂಗಿಯೇ ಮಾತಾಡಬೇಕಾದರೆ ಆ ಸದ್ದು ಕಿವಿಯನ್ನು ಕೆಡಿಸುವಷ್ಟಿದೆ ಎಂದು ತಿಳಿಯಿರಿ. 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಕೇಳಬಾರದು. ಸದ್ದು ಮೂರು ಡೆಸಿಬಲ್ ಏರಿದಂತೆಲ್ಲ ಆ ಸಮಯ ಅರ್ಧಕ್ಕೆ ಇಳಿಯುತ್ತದೆ. ಹತ್ತಿ ತುರುಕಿದರೆ ಸಾಲದು, ಔಷಧದ ಅಂಗಡಿಯಲ್ಲಿ ಸಿಗುವ ಕಿವಿಬಿರಡೆ ಹಾಕಿ. ಹೋದ ಕಿವಿ ಮರಳಿ ಬಾರದು.

ಡೀಸೆಲು: ಪೈಪಿಗೆ ಬಾಯಿಟ್ಟು ಡೀಸೆಲು ಎಳೆಯುವುದು ನಮ್ಮಲ್ಲಿ ಸಾಮಾನ್ಯ. ಸ್ವಲ್ಪ ಡೀಸೆಲು ಶ್ವಾಸಕೋಶಕ್ಕೆ ಹೋದರೂ ನ್ಯುಮೋನಿಯಾ ಆಗಬಹುದು. ನುಂಗಿದವರಿಗೆ ವಾಂತಿ ಮಾಡಿಸಬೇಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಒಂದು ಕೈಪಂಪು ಇಲ್ಲವೇ ಆಲಿಕೆ ಇದ್ದರೆ ಈ ಕಷ್ಟವೇ ಇಲ್ಲವಲ್ಲ!

ಗಾಯ ಮತ್ತು ಜ್ವರ: ಧನುರ್ವಾತದ ಚುಚ್ಚುಮದ್ದು ಹತ್ತು ವರ್ಷಕ್ಕೊಮ್ಮೆ ಬೇಕು. ಕೆಸರಿನಲ್ಲಿ ಕೆಲಸ ಮಾಡಿದವರಿಗೆ ಜ್ವರ ಬಂದು, ಮೀನಖಂಡ ನೋಯುತ್ತಾ ಕಣ್ಣು ಕೆಂಪಾದರೆ ಅದು ಇಲಿಜ್ವರವಾಗಿರಬಹುದು. ಮನೆಮದ್ದಿನಲ್ಲಿ ದಿನ ಕಳೆಯದೆ ವೈದ್ಯರ ಬಳಿಗೆ ಹೋಗಿ, ಕೆಸರಿಗೆ ಇಳಿದಿದ್ದೆನೆಂದು ಅವರಿಗೆ ತಪ್ಪದೆ ತಿಳಿಸಿ.

ಯಂತ್ರದ ಆರೈಕೆ

ಕೋಣಕ್ಕೆ ಬೆಳಗ್ಗೆ ಹುಲ್ಲು ಹಾಕದೆ ನೊಗ ಕಟ್ಟುತ್ತಿರಲಿಲ್ಲ. ಟ್ರ್ಯಾಕ್ಟರಿಗೂ ಐದು ನಿಮಿಷ ಕೊಡಿ. ಎಂಜಿನ್ ಆಯಿಲಿನ ಕಡ್ಡಿ ಎಳೆದು ನೋಡಿ, ರೇಡಿಯೇಟರಿನ ನೀರು ನೋಡಿ. ಬಿಸಿಯಿರುವಾಗ ಅದರ ಮುಚ್ಚಳ ತೆರೆದರೆ ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ, ಬೆಳಗ್ಗೆ ತಣ್ಣಗಿರುವಾಗಲೇ ನೋಡಬೇಕು. ಟಯರಿನ ಗಾಳಿ, ಚಕ್ರದ ನಟ್ಟು, ಫ್ಯಾನಿನ ಬೆಲ್ಟು ನೋಡಿ. ಒಣ ಹುಲ್ಲು, ಧೂಳಿನ ಕೆಲಸವಿದ್ದ ದಿನ ಏರ್ ಕ್ಲೀನರು ಶುಚಿ ಮಾಡಿ. ಸಂಜೆ ನಿಲ್ಲಿಸುವಾಗ ಡೀಸೆಲ್ ಟ್ಯಾಂಕು ತುಂಬಿಸಿಟ್ಟರೆ ಒಳಗೆ ತೇವ ಕೂಡಿ ನೀರಾಗುವುದು ಕಡಿಮೆ. ನಮ್ಮ ಮಳೆಗಾಲಕ್ಕೆ ಇದು ಮುಖ್ಯ.

ಮಳೆಗಾಲದಲ್ಲಿ ಶೆಡ್ಡಿಗೆ ಇಲಿಗಳು ಬಂದು ವಯರು ಕಡಿಯುತ್ತವೆ. ಎರಡು ವಾರಕ್ಕೊಮ್ಮೆ ಸ್ಟಾರ್ಟು ಮಾಡಿದರೆ ಬ್ಯಾಟರಿಯೂ ಉಳಿಯುತ್ತದೆ, ಇಲಿಯ ಗೂಡೂ ತಿಳಿಯುತ್ತದೆ. ಆದರೆ ಬಾಗಿಲು ಮುಚ್ಚಿದ ಶೆಡ್ಡಿನೊಳಗೆ ಎಂಜಿನ್ ಓಡಿಸಬೇಡಿ, ಆ ಹೊಗೆಯಲ್ಲಿ ಕಣ್ಣಿಗೆ ಕಾಣದ, ವಾಸನೆಯೂ ಇಲ್ಲದ ವಿಷಾನಿಲವಿದೆ.

ಎಲ್ಲರೂ ಕೊಳ್ಳಬೇಕೇ?

ಬೇಡ. ಒಂದೆರಡು ಎಕರೆಯವರಿಗೆ ವರ್ಷದಲ್ಲಿ ಕೆಲವೇ ದಿನದ ಕೆಲಸವಿರುತ್ತದೆ. ಅದಕ್ಕಾಗಿ ಲಕ್ಷಗಟ್ಟಲೆ ಸಾಲ ಮಾಡಿ ಯಂತ್ರವನ್ನು ಅಂಗಳದಲ್ಲಿ ನಿಲ್ಲಿಸಿದರೆ ಬಡ್ಡಿ ಮಾತ್ರ ಓಡುತ್ತದೆ. ಬಾಡಿಗೆಗೆ ತರಿಸಿ, ಇಲ್ಲವೇ ಒಂದೇ ವಾಳೆಯ ನಾಲ್ಕೈದು ಮನೆಯವರು ಜಾತಿ ಮತ ನೋಡದೆ ಸೇರಿ ಕೊಳ್ಳಿ. ಹಾಗೆ ಸೇರುವಾಗ ಯಾರು ಓಡಿಸುವುದು, ರಿಪೇರಿ ಯಾರ ಪಾಲು, ಯಾರ ಕೆಲಸ ಮೊದಲು ಎಂಬುದನ್ನು ಪುಸ್ತಕದಲ್ಲಿ ಬರೆದು ಸಹಿ ಹಾಕಿಕೊಳ್ಳಿ. ಬಾಯಿಮಾತಿನ ಪಾಲುಗಾರಿಕೆ ಮೊದಲ ಮಳೆಗೇ ಮುರಿಯುತ್ತದೆ. ಸಹಾಯಧನದ ವಿಷಯವನ್ನು ನಿಮ್ಮ ಪಂಚಾಯತಿನ ಕೃಷಿ ಭವನದಲ್ಲಿ ಮೊದಲೇ ವಿಚಾರಿಸಿ. ಕೊಂಡ ಮೇಲೆ ವಿಚಾರಿಸಿ ಪ್ರಯೋಜನವಿಲ್ಲ.

ಮನೆಗೋಡೆಗೆ ಅಂಟಿಸಲು ಏಳು ಮಾತು

1. ಸೀಟು ಒಂದು, ಆಳು ಒಬ್ಬ. ಮಡ್‌ಗಾರ್ಡಿನಲ್ಲಿ ಯಾರೂ ಕೂರಬಾರದು.
2. ಸ್ಟಾರ್ಟು ಮಾಡುವ ಮುಂಚೆ ಮಕ್ಕಳು ಎಲ್ಲಿದ್ದಾರೆಂದು ನೋಡಿ.
3. ಮುಂಡು, ಲುಂಗಿ, ಬೈರಾಸು ಬೇಡ.
4. ಇಳಿಯುವ ಮುಂಚೆ ಹಿಂದಿನ ಉಪಕರಣ ನೆಲಕ್ಕೆ, ಎಂಜಿನ್ ಬಂದ್, ಕೀ ಜೇಬಿಗೆ.
5. ಕಣಿ ಎಷ್ಟು ಆಳವೋ ಅಂಚಿನಿಂದ ಅಷ್ಟು ದೂರ.
6. ಹಗ್ಗ ಕೆಳಗಿನ ಎಳೆಪಟ್ಟಿಗೆ ಮಾತ್ರ.
7. ಒಬ್ಬರೇ ತೋಟಕ್ಕೆ ಹೋಗುವಾಗ ಮನೆಯವರಿಗೆ ಹೇಳಿ ಹೋಗಿ, ಮೊಬೈಲು ಜೇಬಿನಲ್ಲಿರಲಿ.

ಕೃಷಿಕರ ಪಾಲಕ ಸಂತ ಇಸಿದೋರರ ಹಬ್ಬ ಮೇ 15ರಂದು. ಸ್ಪೇನಿನ ಮ್ಯಾಡ್ರಿಡ್ ಪಟ್ಟಣದ ಹೊರಗೆ ಇನ್ನೊಬ್ಬರ ಹೊಲದಲ್ಲಿ ದುಡಿದ ಆ ಬಡ ಕೂಲಿಯಾಳನ್ನು 1622ರಲ್ಲಿ ಸಂತ ಪದವಿಗೇರಿಸಲಾಯಿತು. ಅವರು ಪ್ರಾರ್ಥನೆಯಲ್ಲಿದ್ದಾಗ ದೇವದೂತರು ಬಂದು ಅವರ ಪಾಲಿನ ಹೊಲ ಉತ್ತರೆಂದು ಪ್ರತೀತಿ. ನಾವೂ ಹೊಸ ಟ್ರ್ಯಾಕ್ಟರನ್ನು ಚರ್ಚಿನ ಅಂಗಳಕ್ಕೆ ತಂದು ಗುರುಗಳಿಂದ ಆಶೀರ್ವಾದ ಮಾಡಿಸುತ್ತೇವೆ, ಹೂಮಾಲೆ ಹಾಕುತ್ತೇವೆ. ಒಳ್ಳೆಯದೇ. ಆದರೆ ತೀರ್ಥ ಚಿಮುಕಿಸಿದ ಮೇಲೆ ಕಣಿಯ ಅಂಚು ನೋಡಿಕೊಳ್ಳುವ ಕೆಲಸವನ್ನು ದೇವರು ನಮ್ಮ ಕಣ್ಣಿಗೇ ಬಿಟ್ಟಿದ್ದಾನೆ. ಅಂದು ಸಂಜೆ ನನ್ನ ಮೊಮ್ಮಗನನ್ನು ಕಾಪಾಡಿದ ಆತನಿಗೆ ನಾನು ದಿನವೂ ಕೃತಜ್ಞತೆ ಸಲ್ಲಿಸುತ್ತೇನೆ. ಆತನನ್ನು ಇನ್ನೊಮ್ಮೆ ಪರೀಕ್ಷಿಸಲು ಮಾತ್ರ ಹೋಗುವುದಿಲ್ಲ.

ಮೊಮ್ಮಗ ಈಗಲೂ ರಜೆಗೆ ಬರುತ್ತಾನೆ. ಟ್ರ್ಯಾಕ್ಟರು ಹೊರಟಾಗ ಅಜ್ಜಿಯ ಪಕ್ಕದಲ್ಲಿ ಜಗಲಿಯ ಮೇಲೆ ನಿಂತು ಕೈಬೀಸುತ್ತಾನೆ. ನಾನು ಅವನನ್ನು ಅಲ್ಲಿ ಕಂಡ ಮೇಲೆಯೇ ಗೇರು ಹಾಕುತ್ತೇನೆ. ನಿಮ್ಮ ಮನೆಯಲ್ಲೂ ಹಾಗೆಯೇ ಆಗಲಿ.